ಪಕ್ಕದ ಸೀಟಿನ ಮಾಮ

ನನ್ನ ಸೋದರಮಾವ ಮೂವತ್ತೊಂದು ವರ್ಷದಿಂದ ಜನರಿಗೆ ಕಾರು ಕಲಿಸುತ್ತಿದ್ದಾರೆ. ಅಷ್ಟೂ ವರ್ಷ ಅವರು ಕೂತಿರುವುದು ಪಕ್ಕದ ಸೀಟಿನಲ್ಲಿ. ಆ ಸೀಟಿನ ಮುಂದೆ ಅವರ ಕಾಲಿಗೆಂದೇ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇವೆ. ಸ್ಟಿಯರಿಂಗ್ ಹಿಡಿದವರು ಬೆವರು ಒರೆಸಿಕೊಂಡು, ಇವತ್ತು ಸಿಗ್ನಲ್ಲಿನಲ್ಲಿ ಗೆರೆಯ ಮೇಲೆ ಸರಿಯಾಗಿ ನಿಲ್ಲಿಸಿದೆ ಎಂದು ಹಿಗ್ಗುತ್ತಾರೆ. ನಿಲ್ಲಿಸಿದ್ದು ಮಾಮ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಕಿಟಕಿಯ ಹೊರಗೆ ಯಾವುದೋ ಅಂಗಡಿಯ ಬೋರ್ಡು ಓದುತ್ತ, ಏನೂ ಅರಿಯದವರಂತೆ ಕಾಲು ಒತ್ತುತ್ತಾರೆ. ಬೀದಿಯಲ್ಲಿ ಅವರಿಗೆ ಬ್ರೇಕ್ ಮಾಮ ಎಂಬ ಹೆಸರು ಬಿದ್ದು ಎಷ್ಟು ಕಾಲವಾಯಿತೋ. ಈಗ ಬ್ಯಾಂಕಿನವರೂ ಹಾಗೇ ಕರೆಯುತ್ತಾರೆ.

ಇದರಿಂದ ಆದದ್ದೇನೆಂದರೆ, ಅವರ ಶಿಷ್ಯರಿಗೆಲ್ಲ ಲೈಸೆನ್ಸ್ ಬರುತ್ತದೆ, ಧೈರ್ಯ ಮಾತ್ರ ಬರುವುದಿಲ್ಲ. ಪರೀಕ್ಷೆಯ ಮೈದಾನದಲ್ಲಿ ನಾಲ್ಕು ಸುತ್ತು ಹಾಕಿ ಪಾಸಾಗುತ್ತಾರೆ, ಕಾರನ್ನೂ ಕೊಳ್ಳುತ್ತಾರೆ, ಆಮೇಲೆ ಫೋನ್ ಮಾಡಿ "ಸ್ವಲ್ಪ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ" ಎನ್ನುತ್ತಾರೆ. ಎದುರು ಸಾಲಿನ ನಿವೃತ್ತ ಹೆಡ್‌ಮಾಸ್ಟರಂತೂ ಪಾಸಾಗಿ ಎರಡು ವರ್ಷವಾದರೂ ಮಾಮನಿಲ್ಲದೆ ತರಕಾರಿಗೂ ಹೋಗುವುದಿಲ್ಲ. ಅವರ ಸ್ವಂತ ಕಾರಿನಲ್ಲಿ ಎರಡನೇ ಬ್ರೇಕೇ ಇಲ್ಲ. ಆದರೂ ಮಾಮ ಕೂತಿರಬೇಕು. ಮಾಮನಿಗೆ ಇದು ಹೆಮ್ಮೆ. ನನಗೆ ಇದು ನಗು. ಆ ನಗು ನನ್ನ ಕಡೆಗೇ ತಿರುಗುತ್ತದೆಂದು ಆಗ ಗೊತ್ತಿರಲಿಲ್ಲ.

ನನ್ನ ಕಥೆ ಇಷ್ಟು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ಮಾಮ ಇಬ್ಬರೂ ಸೇರಿ ನನ್ನನ್ನು ಓದಿಸಿದರು. ವಿಮಾನ ಹಾರಿಸುವವಳೇ ನಾನು ಎಂದು ಹಟ ಹಿಡಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಹಟ ಅದಕ್ಕಿಂತ ಒಂದು ಕೈ ಮೇಲೆ. ಪುಟ್ಟ ವಿಮಾನಗಳಲ್ಲಿ ಇನ್ನೂರು ಗಂಟೆ ಹಾರಿಸಿ, ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಯಲ್ಲಿ ಹಿಡಿದು ಮನೆಗೆ ಬಂದೆ. ಬೀದಿಯವರು ಅವತ್ತಿಂದಲೇ ನನ್ನನ್ನು ಕ್ಯಾಪ್ಟನ್ ಎನ್ನತೊಡಗಿದರು. ಇನ್ನು ವಿಮಾನಯಾನ ಕಂಪನಿಗಳು ಮನೆ ಬಾಗಿಲಿಗೆ ಬಂದು ಸಾಲುಗಟ್ಟುತ್ತವೆ ಎಂದು ನಾನೂ ಅಂದುಕೊಂಡಿದ್ದೆ. ಒಂದೂ ಬರಲಿಲ್ಲ. ಜಾಹೀರಾತುಗಳು ಬಂದವು, ಎಲ್ಲದರ ಕೆಳಗೂ ಒಂದೇ ಸಾಲು: ನಮ್ಮ ವಿಮಾನದ ಟೈಪ್ ರೇಟಿಂಗ್ ಇದ್ದವರು ಮಾತ್ರ ಅರ್ಜಿ ಹಾಕಬೇಕು.

ಮಾಮ ಆ ಸಾಲನ್ನು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಇನ್ನೊಮ್ಮೆ ಓದಿದರು.

"ಲೈಸೆನ್ಸ್ ಇದೆ ತಾನೇ? ಮತ್ತೇನಂತೆ ಇವರದು?"

"ಅದು ಚಿಕ್ಕ ವಿಮಾನಕ್ಕೆ ಮಾಮ. ದೊಡ್ಡದಕ್ಕೆ ಒಂದೊಂದು ಜಾತಿಗೂ ಬೇರೆ ತರಬೇತಿ, ಬೇರೆ ಪರೀಕ್ಷೆ. ಪಾಸಾದ್ರೆ ಆ ವಿಮಾನದ ಹೆಸರು ಲೈಸೆನ್ಸಲ್ಲಿ ಸೇರಿಸ್ತಾರೆ. ಅದೇ ಟೈಪ್ ರೇಟಿಂಗ್. ಮೊದಲೆಲ್ಲ ಕಂಪನಿಯವರೇ ಕೆಲಸ ಕೊಟ್ಟು ಆಮೇಲೆ ಕಲಿಸ್ತಿದ್ರು. ಈಗ ಕಲಿತುಕೊಂಡೇ ಬಾ ಅಂತಾರೆ."

"ಅಂದ್ರೆ, ಅಡುಗೆಯವನಿಗೆ ಕೆಲಸ ಕೊಡೋಕೆ ಮುಂಚೆ, ನಮ್ಮನೆ ಒಲೆ ಮೇಲೇ ಅಡುಗೆ ಕಲಿತು ಬಾ ಅಂದ ಹಾಗಾಯ್ತು."

"ಆ ಒಲೆಗೆ ಬಾಡಿಗೆನೂ ಅವನೇ ಕೊಡಬೇಕು ಮಾಮ."

ಮಾಮ ಜಾಹೀರಾತನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಯಾರ ಮೇಲೆ ಸಿಟ್ಟು ಬಂದರೂ ಅವರು ಏನನ್ನಾದರೂ ಮಡಚುತ್ತಾರೆ.

ನಾನು ವಿಮಾನ ನಿಲ್ದಾಣದಲ್ಲಿ ಕೌಂಟರಿನ ಕೆಲಸಕ್ಕೆ ಸೇರಿದೆ. ಬರುವವರ ಸೂಟ್‌ಕೇಸು ತೂಗಿ, ಹಿಡಿಕೆಗೆ ಚೀಟಿ ಸುತ್ತಿ, ಬೆಲ್ಟಿನ ಮೇಲೆ ತಳ್ಳುವುದು. ಮೂರು ವರ್ಷ ತಳ್ಳಿದೆ. ದಿನಕ್ಕೆ ಹತ್ತಾರು ಸಲ ಬಿಳಿ ಅಂಗಿಯ ಪೈಲಟ್‌ಗಳು ಚಕ್ರದ ಪೆಟ್ಟಿಗೆ ಎಳೆದುಕೊಂಡು ನನ್ನೆದುರೇ ಹಾದುಹೋಗುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಡುವುದೇಕೆ. ನನ್ನ ವಯಸ್ಸಿನವರನ್ನು ಕಂಡರೆ ಅವರ ಹಿಂದೆ ನಿಂತ ಪಾಪದ ಪ್ರಯಾಣಿಕರ ಮೇಲೆ ರೇಗುತ್ತಿದ್ದೆ. ಕೊನೆಗೆ ನನ್ನ ಮೂರು ವರ್ಷದ ಉಳಿತಾಯಕ್ಕೆ ಮಾಮ ತಮ್ಮ ಎರಡು ಕಾರುಗಳಲ್ಲಿ ಒಂದನ್ನು ಮಾರಿ ಸೇರಿಸಿದರು. ಬೇಡ ಎಂದರೆ, "ಕಾರು ಎರಡು, ಕೂರೋನು ನಾನೊಬ್ಬ. ಇನ್ನೊಂದನ್ನ ಇಟ್ಕೊಂಡು ಪೂಜೆ ಮಾಡ್ಲಾ?" ಎಂದು ಬಾಯಿ ಮುಚ್ಚಿಸಿದರು. ಟೈಪ್ ರೇಟಿಂಗ್ ತರಬೇತಿಗೆ ಸೇರಿಕೊಂಡೆ.

ತರಬೇತಿ ಎಂದರೆ ಮೊದಲು ವಾರಗಟ್ಟಲೆ ಪಾಠ, ಆಮೇಲೆ ಸಿಮ್ಯುಲೇಟರ್. ನೆಲಕ್ಕೆ ಊರಿದ ಕಾಲುಗಳ ಮೇಲೆ ಅಲುಗಾಡುವ ದೊಡ್ಡ ಪೆಟ್ಟಿಗೆ ಅದು. ಒಳಗೆ ಹೊಕ್ಕರೆ ಥೇಟ್ ವಿಮಾನದ ಕಾಕ್‌ಪಿಟ್. ಅದರ ಒಂದೊಂದು ಗಂಟೆಯೂ ದುಬಾರಿ, ಅಲ್ಲಿ ಕೂತು ಸ್ವಿಚ್ಚು ಹುಡುಕುತ್ತಿರುವ ಹಾಗಿಲ್ಲ. ಹಾಗಾಗಿ ನಮ್ಮಂಥವರು ಮನೆಯಲ್ಲಿ ಕಾಗದದ ವಿಮಾನ ಹಾರಿಸುತ್ತೇವೆ. ಕಾಕ್‌ಪಿಟ್ಟಿನ ಚಿತ್ರವನ್ನು ನಿಜವಾದ ಅಳತೆಗೆ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು, ಯಾವುದಾದ ಮೇಲೆ ಯಾವುದು ಎಂದು ಕೈ ತಾನಾಗಿ ಹೋಗುವ ತನಕ ತಿದ್ದುವುದು.

ನಮ್ಮ ಕಾಕ್‌ಪಿಟ್ ನಮ್ಮ ಮನೆಯ ಬೀದಿಯಾಚೆ ಇದ್ದ ಮಾಮನ ಡ್ರೈವಿಂಗ್ ಸ್ಕೂಲಿನ ಮುಂಗೋಣೆಯಲ್ಲಿ ತಯಾರಾಯಿತು. ಟ್ರಾಫಿಕ್ ಚಿಹ್ನೆಗಳ ಚಾರ್ಟನ್ನು ಪಕ್ಕಕ್ಕೆ ಸರಿಸಿ ಆ ಜಾಗದಲ್ಲಿ ಪ್ಯಾನೆಲ್ ಅಂಟಿಸಿದೆವು. ತಲೆಯ ಮೇಲೆ ಬರುವ ಸ್ವಿಚ್ಚುಗಳನ್ನು ರಟ್ಟಿಗೆ ಅಂಟಿಸಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಕಟ್ಟಿದೆವು. ಮಧ್ಯದ ಲಿವರುಗಳಿಗೆ ಒಂದು ಸ್ಟೂಲು. ಎರಡು ಪ್ಲಾಸ್ಟಿಕ್ ಕುರ್ಚಿ. ಬಲಗಡೆ ನಾನು, ಎಡಗಡೆ ಕ್ಯಾಪ್ಟನ್ ಸ್ಥಾನದಲ್ಲಿ ಮಾಮ. ಅವರು ಅದಕ್ಕಾಗಿ ಶೂ ಹಾಕಿಕೊಂಡು ಬರುತ್ತಿದ್ದರು. ಒಂದೇ ವಾರದಲ್ಲಿ ಚೆಕ್‌ಲಿಸ್ಟ್ ಅವರಿಗೆ ಬಾಯಿಪಾಠವಾಯಿತು. ಕಾರು ಕಲಿಯಲು ಬಂದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು ನೋಡಿ, ಇದೆಲ್ಲ ತಮಗೂ ಕಲಿಸುತ್ತಾರೋ ಎಂದು ಹೆದರಿ ಅವತ್ತಿನ ಕ್ಲಾಸು ಬಿಟ್ಟು ಹೋದರು.

ಎಲ್ಲಕ್ಕಿಂತ ಮುಖ್ಯವಾದ ಪಾಠ ಬೆಂಕಿಯದು. ಎಂಜಿನ್‌ಗೆ ಬೆಂಕಿ ಬಿದ್ದರೆ ಆ ಎಂಜಿನ್ ಆಫ್ ಮಾಡಬೇಕು. ಎಂಜಿನ್ ಎರಡು, ಸ್ವಿಚ್ಚೂ ಎರಡು, ಅಕ್ಕಪಕ್ಕದಲ್ಲೇ. ಗಾಬರಿಯಲ್ಲಿ ಚೆನ್ನಾಗಿರುವುದನ್ನೇ ಆಫ್ ಮಾಡಿದರೆ ಮುಗಿಯಿತು. ಅದಕ್ಕೇ ಒಬ್ಬರು ಸ್ವಿಚ್ಚಿನ ಮೇಲೆ ಕೈಯಿಟ್ಟು "ಎಡಗಡೆಯದು?" ಎಂದು ಕೇಳಬೇಕು. ಇನ್ನೊಬ್ಬರು ಕಣ್ಣಾರೆ ನೋಡಿ "ಹೌದು, ಎಡಗಡೆಯದು" ಎಂದ ಮೇಲೇ ಆಫ್ ಮಾಡಬೇಕು. ಮಾಮ ಬಾಯಲ್ಲಿ "ಬೆಂಕಿ, ಬಲಗಡೆ" ಎನ್ನುತ್ತಿದ್ದರು, ನನ್ನ ಕೈ ಹೋಗುತ್ತಿತ್ತು. ದಿನಕ್ಕೆ ನಲವತ್ತು ಸಲ ಬೆಂಕಿ ಬೀಳುತ್ತಿತ್ತು. ಒಂದು ಸಲವೂ ನನ್ನ ಕೈ ತಪ್ಪಲಿಲ್ಲ. ನನ್ನ ಬಗ್ಗೆ ನನಗೇ ಅಭಿಮಾನ ಉಕ್ಕಿತು. ಅಮ್ಮ ಅಲ್ಲೇ ಬಂದು ಕೂತು, ರಾತ್ರಿಯ ಅಡುಗೆಗೆ ತರಕಾರಿ ಹೆಚ್ಚುತ್ತಲೇ ಅದನ್ನೆಲ್ಲ ನೋಡುತ್ತಿದ್ದಳು.

ಪರೀಕ್ಷೆಯ ದಿನ ನನ್ನ ಜೊತೆಗಾರನಿಗೆ ನೆಗಡಿ. ನಮ್ಮ ತಂಡದ ಉದ್ದನೆಯ ಹುಡುಗ, ಮಾತು ಕಮ್ಮಿ, ಕೈಯಲ್ಲಿ ಕರ್ಚೀಫು. ಇಬ್ಬರನ್ನೂ ಸಿಮ್ಯುಲೇಟರಿನಲ್ಲಿ ಕೂರಿಸಿ ಪರೀಕ್ಷಕರು ನಮ್ಮ ಬೆನ್ನ ಹಿಂದೆ ಕೂತರು. ಸಣ್ಣಗಿನ ಮನುಷ್ಯ, ಮೆತ್ತಗಿನ ದನಿ. ಮೊದಲ ಒಂದು ಗಂಟೆ ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಆಮೇಲೆ ಎಚ್ಚರಿಕೆಯ ಗಂಟೆ ಬಾರಿಸಿತು, ಕೆಂಪು ದೀಪ ಹತ್ತಿತು. ಎಡಗಡೆ ಎಂಜಿನ್‌ಗೆ ಬೆಂಕಿ. ನನ್ನ ಕೈ ಸರಿಯಾಗಿ ಎಡಗಡೆ ಸ್ವಿಚ್ಚಿಗೇ ಹೋಯಿತು. ಅಷ್ಟರಲ್ಲಿ ಜೊತೆಗಾರ ಕೆಮ್ಮಿದ.

ನಾನು ಕೈ ತೆಗೆದೆ. ತೆಗೆದು ಬಲಗಡೆ ಸ್ವಿಚ್ಚಿನ ಮೇಲಿಟ್ಟೆ. "ಬಲಗಡೆಯದು?" ಎಂದೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಕರ್ಚೀಫಿನೊಳಗೇ ಹೌದೆಂಬಂತೆ ತಲೆಯಾಡಿಸಿದ. ನಾನು ಆಫ್ ಮಾಡಿದೆ. ಒಂದಕ್ಕೆ ಬೆಂಕಿ, ಇನ್ನೊಂದು ಬಂದ್. ನೂರೆಂಬತ್ತು ಸೀಟಿನ ವಿಮಾನ ಮೌನವಾಗಿ ಇಳಿಯತೊಡಗಿತು. ಪರೀಕ್ಷಕರು ಪೆಟ್ಟಿಗೆಯನ್ನು ನಿಲ್ಲಿಸಿ, ದೀಪ ಹಾಕಿ, "ಬನ್ನಿ, ಟೀ ಕುಡಿಯೋಣ" ಎಂದರು. ಅಷ್ಟು ಮರ್ಯಾದೆಯಿಂದ ಯಾರೂ ನನ್ನನ್ನು ಫೇಲ್ ಮಾಡಿರಲಿಲ್ಲ.

ಹನ್ನೆರಡು ದಿನ ಬಿಟ್ಟು ಇನ್ನೊಂದೇ ಅವಕಾಶ ಎಂದರು. ಅದೂ ಹೋದರೆ ತರಬೇತಿಯನ್ನು ಮೊದಲಿಂದ ಮಾಡಬೇಕು. ಅದಕ್ಕೆ ಮಾರಲು ನಮ್ಮಲ್ಲಿ ಮತ್ತೊಂದು ಕಾರಿರಲಿಲ್ಲ, ಇದ್ದ ಒಂದು ಮಾಮನ ಅನ್ನ. ಮೂರು ವರ್ಷದಲ್ಲಿ ಮೊದಲ ಸಲ ಒಂದು ಕಂಪನಿ, ಟೈಪ್ ರೇಟಿಂಗ್ ಇದ್ದರೆ ಸಾಕು, ಅನುಭವ ಬೇಡ ಎಂದು ಹೊಸಬರನ್ನು ಕರೆದಿತ್ತು, ಅರ್ಜಿಗೆ ಕೊನೆಯ ದಿನ ಮೂರೇ ವಾರ ದೂರ. ಈ ಸಲ ತಪ್ಪಿದರೆ ನಾನು ಜೀವಮಾನವಿಡೀ ಸೂಟ್‌ಕೇಸು ತಳ್ಳುವವಳೇ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಆ ಉದ್ದನೆಯವನನ್ನೂ ಅವನ ನೆಗಡಿಯನ್ನೂ ಬೈಯತೊಡಗಿದೆ. ಮಾಮ ನನ್ನ ಕಡೆಗೇ ಸೇರಿದರು. ಹುಷಾರಿಲ್ಲದವರನ್ನು ಪರೀಕ್ಷೆಗೆ ಯಾಕೆ ಕೂರಿಸಬೇಕು ಎಂದು ವಾದಿಸಿದರು. ಅಮ್ಮ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ನೋವಾಗದ ಹಾಗೆ ಸೂಜಿ ಚುಚ್ಚುವುದು ಅವಳ ಕಸುಬು.

"ಅವನು ಕೆಮ್ಮಿದ, ಸರಿ" ಎಂದಳು. "ಅವನು ಕೆಮ್ಮಿದ್ರೆ ನೀನ್ಯಾಕೆ ಕೈ ತೆಗೆದೆ?"

ನಾನು ಚಪ್ಪಲಿ ಬಿಟ್ಟು ಟೇಬಲ್ ಮುಂದೆ ಕೂತೆ.

"ಅಣ್ಣ, ನೀನು ಹೇಳ್ತೀಯೋ ನಾನು ಹೇಳ್ಲೋ?" ಎಂದಳು ಅಮ್ಮ.

ಮಾಮ ಗಂಟಲು ಸರಿಮಾಡಿಕೊಂಡರು. ಸಣ್ಣಗೆ, ಖೊಕ್ ಎಂದು. ಆ ಸದ್ದು ಕೇಳುತ್ತಲೇ ಟೇಬಲ್ ಮೇಲಿದ್ದ ನನ್ನ ಎಡಗೈ ತಾನಾಗಿ ಮಡಿಲಿಗೆ ಬಂತು. ಆಗ ಎಲ್ಲ ಅರ್ಥವಾಯಿತು. ದಿನಕ್ಕೆ ನಲವತ್ತು ಬೆಂಕಿಯಲ್ಲಿ ಎಷ್ಟು ಸಲ ನನ್ನ ಕೈ ತಪ್ಪು ಸ್ವಿಚ್ಚಿನತ್ತ ಹೊರಟಿತ್ತೋ, ಅಷ್ಟೂ ಸಲ ಮಾಮ ಖೊಕ್ ಎಂದಿದ್ದರು. ಅವರಿಗೂ ಅದು ಗೊತ್ತಿರಲಿಲ್ಲ ಎಂದು ಈಗಲೂ ನಂಬುತ್ತೇನೆ. ಕಾಲಿಗೆ ಬ್ರೇಕಿಲ್ಲದ ಕಡೆ ಗಂಟಲಲ್ಲಿ ಬ್ರೇಕು ಹುಟ್ಟಿಕೊಂಡಿತ್ತು. ನಾನು ಕಲಿತದ್ದು ವಿಮಾನವನ್ನಲ್ಲ, ಅವರ ಕೆಮ್ಮನ್ನು.

ನನಗೆ ತಲೆ ಕೆಟ್ಟುಹೋಯಿತು. ಆಡಬಾರದ್ದನ್ನು ಆಡಿದೆ.

"ಮೂವತ್ತೊಂದು ವರ್ಷದಲ್ಲಿ ನಿಮ್ಮ ಹತ್ರ ಕಲಿತವರು ಒಬ್ಬರಾದ್ರೂ ಒಬ್ಬರೇ ಕಾರು ಓಡಿಸಿದ್ದಾರಾ ಮಾಮ?"

ಮಾಮ ಟೇಬಲ್ ಮೇಲಿದ್ದ ಪೇಪರನ್ನು ಎರಡು ಮಡಿಕೆ ಮಾಡಿದರು, ನಾಲ್ಕು ಮಾಡಿದರು, ಎಂಟು ಮಾಡಿದರು. ಆಮೇಲೆ ಅದನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಎರಡು ದಿನ ಡ್ರೈವಿಂಗ್ ಸ್ಕೂಲಿನ ಶಟರ್ ಏಳಲಿಲ್ಲ. ಕಾರು ಕವರ್ ಹೊದ್ದುಕೊಂಡು ನಿಂತಿತ್ತು. ಹೋಗಿ ಮಾತಾಡಿಸು ಎಂದು ಅಮ್ಮ ಹೇಳಿದಳು. ನಾನು ಹೋಗಲಿಲ್ಲ. ಸಿಟ್ಟು ಇಳಿದಿರಲಿಲ್ಲವೆಂದಲ್ಲ, ಒಂದೇ ಗಂಟೆಯಲ್ಲಿ ಇಳಿದಿತ್ತು. ಮುಖ ತೋರಿಸಲು ನಾಚಿಕೆ. ನನ್ನನ್ನು ಭುಜದ ಮೇಲೆ ಕೂರಿಸಿಕೊಂಡು ಓಡಾಡಿದ ಮನುಷ್ಯನಿಗೆ ಅವರ ಜನ್ಮದ ಕೆಲಸವೇ ಸುಳ್ಳು ಎಂದಿದ್ದೆ.

ಮೂರನೆಯ ಬೆಳಿಗ್ಗೆ ಅವರೇ ಬಂದರು. ಶೂ ಹಾಕಿಕೊಂಡಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದರು.

"ನಿನ್ನೆ ಹೆಡ್‌ಮಾಸ್ಟರ್ ಮನೆಗೆ ಹೋಗಿದ್ದೆ. ನೀವ್ಯಾಕೆ ಒಬ್ಬರೇ ಓಡಿಸಲ್ಲ ಅಂತ ಕೇಳ್ದೆ. 'ನೀವಿದ್ದೀರಲ್ಲ' ಅಂದ್ರು." ಅವರು ಬಗ್ಗಿ ಶೂ ಲೇಸು ಬಿಗಿಮಾಡಿಕೊಂಡರು. "ನನಗೆ ಕಲಿಸೋಕೆ ಬರುತ್ತೆ ಮರೀ. ಬಿಟ್ಟುಕೊಡೋಕೆ ಬರಲ್ಲ. ಬಿಟ್ರೆ ಎಲ್ಲಿ ಗುದ್ದಿಬಿಡ್ತಾರೋ ಅಂತ ಭಯ. ಗುದ್ದದೇ ಇದ್ರೆ ನಾನ್ಯಾಕೆ ಬೇಕು ಅಂತ ಇನ್ನೊಂದು ಭಯ. ಏಳು, ಹೊತ್ತಾಯ್ತು."

ಅವತ್ತಿಂದ ಅವರು ಬಾಯಲ್ಲಿ ಪೆಪ್ಪರ್‌ಮೆಂಟು ಹಾಕಿಕೊಂಡು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂರತೊಡಗಿದರು. ಬೆಂಕಿ ಬಿತ್ತು. ನನ್ನ ಕೈ ತಪ್ಪಿತು. ಮಾಮನ ಮುಖ ಕೆಂಪಾಯಿತು, ಪೆಪ್ಪರ್‌ಮೆಂಟು ಒಂದು ದವಡೆಯಿಂದ ಇನ್ನೊಂದಕ್ಕೆ ಓಡಿತು, ಗಂಟಲಿಂದ ಸದ್ದು ಬರಲಿಲ್ಲ. ನಾನು ಒಳ್ಳೆಯ ಎಂಜಿನ್ನನ್ನು ಆಫ್ ಮಾಡಿದೆ. ಮೊದಲ ದಿನ ಏಳು ಸಲ ಇಬ್ಬರೂ ಸತ್ತೆವು. ಎರಡನೆಯ ದಿನ ಐದು ಸಲ. ಪ್ರತಿ ಸಲವೂ ಮಾಮ ನಿಜವಾಗಿ ಬೆವರುತ್ತಿದ್ದರು, ಅವರ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಬಿದ್ದು ಬಿದ್ದು ನನಗೆ ಬುದ್ಧಿ ಬಂತು. ಯಾರ ಕೆಮ್ಮಿಗೂ ಕಾಯದೆ ಮೊದಲು ಚಿತ್ರದಲ್ಲಿ ಆ ಕಡೆಯ ದೀಪ ನೋಡುವುದು, ಆಮೇಲೆ ಕೈ ಚಾಚುವುದು. ನಾಲ್ಕನೆಯ ದಿನಕ್ಕೆ ಸಾವು ನಿಂತಿತು.

ಇನ್ನೇನು ಸರಿಹೋಯಿತು ಎಂದುಕೊಂಡಾಗ ಮಾಮ ಹೊಸ ವರಸೆ ತೆಗೆದರು. ಹೇಳದೆ ಕೇಳದೆ, ನಾನು ಸರಿಯಾದ ಸ್ವಿಚ್ಚಿನ ಮೇಲೆ ಕೈಯಿಟ್ಟಾಗಲೇ ಬೇಕೆಂದು ಕೆಮ್ಮತೊಡಗಿದರು. ಪೆಪ್ಪರ್‌ಮೆಂಟನ್ನು ಉಗಿದು ಬಂದು ಕೆಮ್ಮುತ್ತಿದ್ದರು. ಅದಕ್ಕೂ ಒಗ್ಗಿದೆ. ಪರೀಕ್ಷೆಗೆ ನಾಲ್ಕು ದಿನವಿರುವಾಗ ಪಾತ್ರ ಬದಲಾಯಿಸಿದರು. ಬೆಂಕಿ ಬಿದ್ದಿರುವುದು ಬಲಗಡೆ, ಅವರು ತಾವೇ ಕೈ ಚಾಚಿ ಎಡಗಡೆ ಸ್ವಿಚ್ಚು ಹಿಡಿದು, "ಎಡಗಡೆಯದು. ಆಫ್ ಮಾಡ್ತಿದೀನಿ. ಸರೀನಾ?" ಎಂದರು. ದನಿಯಲ್ಲಿ ಮೂವತ್ತೊಂದು ವರ್ಷದ ಗತ್ತು.

ತಪ್ಪೆಂದು ಕಣ್ಣಿಗೆ ಕಾಣುತ್ತಿತ್ತು. ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಮಾಮನ ಮಾತಿಗೆ ಇಲ್ಲ ಎಂದವರಿಲ್ಲ. ಸಿಟ್ಟಿನಲ್ಲಿ ಒಮ್ಮೆ ಕೂಗಾಡಿದ್ದೆ, ಅದು ಬೇರೆ. ತಣ್ಣಗೆ ಕೂತು, ಅವರ ಮುಖ ನೋಡಿ, ನೀವು ತಪ್ಪು ಎನ್ನುವುದು ನನಗೆ ಹುಟ್ಟಿದಂದಿನಿಂದ ಗೊತ್ತಿರಲಿಲ್ಲ. "ಮಾಮ, ಅದು... ಒಂದು ಸಲ ನೋಡಿ..." ಎಂದು ರಾಗ ಎಳೆದೆ. ಅವರು ಆಫ್ ಮಾಡಿಬಿಟ್ಟರು.

"ಸತ್ತೆವು" ಎಂದರು. "ನೀನು ಮರ್ಯಾದೆ ಕೊಟ್ಟು ಮುಗಿಸೋ ಹೊತ್ತಿಗೆ ನೂರೆಂಬತ್ತು ಜನ ಹೋದ್ರು. ಇನ್ನೊಂದ್ಸಲ."

ಇನ್ನೊಂದು ಸಲ, ಮತ್ತೊಂದು ಸಲ. ನಾಲ್ಕನೆಯ ಸಲ ಅವರ ಕೈ ಸ್ವಿಚ್ಚಿಗೆ ಹೋಗುತ್ತಲೇ ನಾನೆಂದೆ, "ಇಲ್ಲ. ತಪ್ಪು. ಬಲಗಡೆಯದು. ಕೈ ತೆಗೀರಿ."

ಮಾಮ ಕೈ ತೆಗೆದರು. ನನ್ನನ್ನೇ ನೋಡಿದರು. ಅಷ್ಟು ಸಂತೋಷವನ್ನು ಅವರ ಮುಖದಲ್ಲಿ ನಾನು ಕಂಡಿರಲಿಲ್ಲ, ನನಗೆ ಲೈಸೆನ್ಸ್ ಬಂದ ದಿನವೂ ಇಲ್ಲ. ಸದ್ದು ಕೇಳಿ ಅಮ್ಮ ಬೀದಿ ದಾಟಿ ಬಂದು ಯಾರು ಯಾರನ್ನು ಗದರಿಸುತ್ತಿದ್ದಾರೆ ಎಂದು ಕೇಳಿದಳು. "ನಿನ್ನ ಮಗಳು ನನ್ನನ್ನ" ಎಂದು ಮಾಮ ಹೆಮ್ಮೆಯಿಂದ ಹೇಳಿದರು.

ಹನ್ನೆರಡನೆಯ ದಿನ ಮತ್ತೆ ಅದೇ ಪೆಟ್ಟಿಗೆ, ಅದೇ ಮೆತ್ತಗಿನ ದನಿಯ ಪರೀಕ್ಷಕರು, ಅದೇ ಉದ್ದನೆಯ ಜೊತೆಗಾರ. ನೆಗಡಿ ಹೋಗಿತ್ತು. ತನ್ನಿಂದ ನನಗೆ ಮತ್ತೆ ಅಡ್ಡಿಯಾದೀತೆಂಬ ಹೆದರಿಕೆ ಮಾತ್ರ ಅವನಲ್ಲಿ ಉಳಿದಿತ್ತು. ಈ ಸಲ ವಿಮಾನ ನನ್ನ ಕೈಯಲ್ಲಿತ್ತು, ಸ್ವಿಚ್ಚುಗಳ ಕೆಲಸ ಅವನದು. ನೆಲ ಬಿಟ್ಟು ಏಳುತ್ತಿದ್ದಂತೆ ಗಂಟೆ ಬಾರಿಸಿತು. ಬಲಗಡೆ ಎಂಜಿನ್. ಗಾಬರಿಯಲ್ಲಿ ಅವನ ಕೈ ಎಡಗಡೆಗೆ ಹೋಯಿತು. "ಎಡಗಡೆಯದು?" ಎಂದ. ನನಗಿಂತ ಹೆಚ್ಚು ಗಂಟೆ ಹಾರಿಸಿದವನು, ತರಗತಿಯಲ್ಲಿ ನನಗಿಂತ ಹೆಚ್ಚು ಅಂಕ ಪಡೆದವನು.

"ಇಲ್ಲ. ಬಲಗಡೆಯದು. ಕೈ ತೆಗೀರಿ" ಎಂದೆ. ದನಿ ಏರಲಿಲ್ಲ. ಅವನು ಕೈ ಸರಿಸಿ ಸರಿಯಾದದ್ದರ ಮೇಲಿಟ್ಟ. ಹೌದು ಎಂದೆ, ಆಫ್ ಮಾಡಿದ. ಉಳಿದ ಒಂದೇ ಎಂಜಿನ್ನಿನಲ್ಲಿ, ಎರಡು ಸಲ ಪಕ್ಕಕ್ಕೆ ಸರಿದದ್ದನ್ನು ತಿದ್ದಿಕೊಂಡು, ಸುತ್ತು ಬಂದು ವಿಮಾನವನ್ನು ರನ್‌ವೇ ಮೇಲೆ ಇಳಿಸಿದೆ. ಸ್ವಲ್ಪ ಕುಕ್ಕಿತು. ಪರೀಕ್ಷಕರು ದೀಪ ಹಾಕಿದರು. ಈ ಸಲ ಟೀ ಎನ್ನಲಿಲ್ಲ, ಕಾಗದಕ್ಕೆ ಸಹಿ ಹಾಕಿದರು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಮಾಮ ಬೆಳಿಗ್ಗೆಯಿಂದ ಕೂತಿದ್ದರು. ಪಾಸಾ ಎಂದು ಕೇಳಲಿಲ್ಲ.

"ತಪ್ಪಾಯ್ತಾ?" ಎಂದರು.

"ಎರಡು ಆಯ್ತು ಮಾಮ. ನಾನೇ ಸರಿಮಾಡ್ಕೊಂಡೆ."

ಅವರು ಕನ್ನಡಕ ತೆಗೆದು ಅತ್ತರು. ಹಾದುಹೋಗುವವರು ನೋಡುತ್ತಿದ್ದರು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ನಾನೂ ಪಕ್ಕದಲ್ಲಿ ಕೂತು ಅತ್ತೆ. ಆಮೇಲೆ ಇಬ್ಬರಿಗೂ ವಿಪರೀತ ಹಸಿವಾಯಿತು.

ಕೊನೆಯ ದಿನಕ್ಕೆ ನಾಲ್ಕು ದಿನ ಮುಂಚೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆದರು, ಮತ್ತೊಂದು ಸಲ ಪೆಟ್ಟಿಗೆಯಲ್ಲಿ ಕೂರಿಸಿ ನೋಡಿದರು, ತಿಂಗಳ ಮೇಲೆ ಕೆಲಸದ ಕಾಗದ ಬಂತು. ಮಾಮ ಅದನ್ನು ನಿಂತೇ ಪೂರ್ತಿ ಓದಿ, ಮಡಚದೆ ಹಾಗೇ ನನ್ನ ಕೈಗೆ ಕೊಟ್ಟರು.

ಸೇರಬೇಕಾದ ದಿನ ಬೆಳಿಗ್ಗೆ ಆರೂವರೆಗೆ ಬಿಳಿ ಅಂಗಿ ತೊಟ್ಟು, ಚಕ್ರದ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದೆ. ಅಮ್ಮ ಕಾಲರ್ ಸರಿಮಾಡಿದಳು. ಮಾಮ ಕಾರು ತೆಗೆದುಕೊಂಡು ಬಂದು ವಿಮಾನ ನಿಲ್ದಾಣದವರೆಗೆ ಬಿಡುತ್ತಾರೆ, ಅಲ್ಲಿ ಕಾವಲುಗಾರನಿಗೂ ನನ್ನ ಬಗ್ಗೆ ಹೇಳುತ್ತಾರೆ, ಅದನ್ನು ಹೇಗೆ ತಪ್ಪಿಸುವುದು ಎಂದು ಹಿಂದಿನ ದಿನವೆಲ್ಲ ಯೋಚಿಸಿದ್ದೆ. ಮಾಮ ಬೀದಿಯಾಚೆ ತಮ್ಮ ಸ್ಕೂಲಿನ ಮುಂದೆ ನಿಂತು ಕಾರಿನ ಗಾಜು ಒರೆಸುತ್ತಿದ್ದರು.

"ಮಾಮ, ನೀವು ಬರಲ್ವಾ?"

"ಏಳಕ್ಕೆ ಕ್ಲಾಸಿದೆ" ಎಂದರು, ಒರೆಸುವುದನ್ನು ನಿಲ್ಲಿಸದೆ. "ನೀನು ಹೋಗು."

ಒಂದು ಗಳಿಗೆ ಕಾದೆ. ಅವರು ತಲೆಯೆತ್ತಲಿಲ್ಲ. ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ಆದರೆ ಕರೆಯಲಿಲ್ಲ. ಪೆಟ್ಟಿಗೆ ಎಳೆದುಕೊಂಡು ಬಸ್ ಸ್ಟಾಪಿನ ಕಡೆ ಹೊರಟೆ, ಒಬ್ಬಳೇ.